ಸರಂಧ್ರ ಗಾಜಿಗೆ ಸೀರಿಯಂ ಆಕ್ಸೈಡ್ ತುಂಬಿ ಕ್ರಿಯಾವರ್ಧಕ ಮಾಡುವ ಬಗೆ

ಗಾಜು ಊದುವ ಕೆಲಸಗಾರರು ಜ್ವಾಲೆಯ ಮುಂದೆ ಕೂತಾಗ ಹಾಕಿಕೊಳ್ಳುವ ತಿಳಿ ನೇರಳೆ ಕನ್ನಡಕದ ಗಾಜಿನಲ್ಲಿ ನಿಯೋಡಿಮಿಯಂ ಮತ್ತು ಪ್ರೆಸಿಯೋಡಿಮಿಯಂ ಆಕ್ಸೈಡುಗಳಿರುತ್ತವೆ. ಕಾದ ಗಾಜಿನಿಂದ ಏಳುವ ಸೋಡಿಯಂನ ಹಳದಿ ಬೆಳಕಿನ ತರಂಗಾಂತರ 589 ನ್ಯಾನೊಮೀಟರ್. ನಿಯೋಡಿಮಿಯಂ ಆ ಆಸುಪಾಸಿನ ಬೆಳಕನ್ನೇ ಹೀರಿಕೊಳ್ಳುವುದರಿಂದ ಹಳದಿಯ ಝಳ ಮಾಯವಾಗಿ, ಬೆಂಕಿಯೊಳಗಿನ ಗಾಜಿನ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಲ್ಯಾಂಥನಂ ಆಕ್ಸೈಡಿಗೆ ಬಣ್ಣವೇ ಇಲ್ಲ. ಬೋರೇಟ್ ಗಾಜಿಗೆ ಅದನ್ನು ಬೆರೆಸಿದರೆ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಗ್ಗಿಸುವ ಬಲ, ಏರುತ್ತದೆ, ಆದರೆ ಬಣ್ಣಗಳು ಹೆಚ್ಚು ಚದುರುವುದಿಲ್ಲ. ಒಳ್ಳೆಯ ಕ್ಯಾಮೆರಾ ಮಸೂರಗಳಿಗೆ ಬೇಕಾದದ್ದು ಇದೇ. ಸೀರಿಯಂ ಬೆರೆಸಿದ ಗಾಜು ನೇರಳಾತೀತ ಕಿರಣವನ್ನು ತಡೆಯುತ್ತದೆ, ಗಾಮಾ ವಿಕಿರಣ ಬಿದ್ದರೂ ಬೇಗ ಕಂದು ತಿರುಗುವುದಿಲ್ಲ. ಹಾಗಾಗಿ ವಿಕಿರಣ ಕೋಣೆಗಳ ಕಿಟಕಿಗೆ ಅದನ್ನು ಬಳಸುತ್ತಾರೆ.

ಈ ವಿರಳ ಭೂಧಾತುಗಳ, ಅಂದರೆ ರೇರ್ ಅರ್ಥ್‌ಗಳ, ಮೇಲಿನ ಉಪಯೋಗಗಳಲ್ಲೆಲ್ಲ ಗಾಜಿನ ಪೂರ್ತಿ ದಪ್ಪ ಕೆಲಸ ಮಾಡುತ್ತದೆ. ಬೆಳಕು ಒಳಹೊಕ್ಕು ಹೊರಬರುವಾಗ ದಾರಿಯಲ್ಲಿ ಸಿಗುವ ಪ್ರತಿ ಅಯಾನೂ ಲೆಕ್ಕಕ್ಕೆ ಬರುತ್ತದೆ. ಕ್ರಿಯಾವರ್ಧಕದ, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತುವಿನ, ಕತೆ ಬೇರೆ. ಅಲ್ಲಿ ಅನಿಲವೋ ದ್ರವವೋ ಮುಟ್ಟುವ ಹೊರಪದರದ ಅಯಾನುಗಳಿಗೆ ಮಾತ್ರ ಬೆಲೆ. ಗಾಜಿನೊಳಗೆ ಹೂತುಹೋದ ಸೀರಿಯಂ ಎಷ್ಟಿದ್ದರೂ ವ್ಯರ್ಥ.

ಲೆಕ್ಕ ಹಾಕಿ ನೋಡಿ. 100 ಮೈಕ್ರಾನ್ ಗಾತ್ರದ ಗಾಜಿನ ಪುಡಿ, ಸಾಂದ್ರತೆ ಘನ ಸೆಂಟಿಮೀಟರಿಗೆ 2.5 ಗ್ರಾಂ ಎಂದುಕೊಂಡರೆ, ಗ್ರಾಂಗೆ ಸಿಗುವ ಮೇಲ್ಮೈ ಕೇವಲ 0.024 ಚದರ ಮೀಟರ್. ಬೆವರು ಸುರಿಸಿ 1 ಮೈಕ್ರಾನ್‌ಗೆ ಅರೆದರೂ 2.4 ಚದರ ಮೀಟರ್. ಒಳ್ಳೆಯ ಸರಂಧ್ರ ಗಾಜಿನಲ್ಲಿ, ಅಂದರೆ ಮೈತುಂಬ ನ್ಯಾನೊಮೀಟರ್ ಅಳತೆಯ ತೂತುಗಳಿರುವ ಗಾಜಿನಲ್ಲಿ, ಗ್ರಾಂಗೆ 100ರಿಂದ 200 ಚದರ ಮೀಟರ್ ಸಿಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯ ದೊಡ್ಡ ಪಾಲು ಮೇಲ್ಮೈ ಗಳಿಸುವುದಕ್ಕೆ ಮೀಸಲು. ಸೀರಿಯಂ ಬರುವುದು ಕೊನೆಯ ಹಂತದಲ್ಲಿ.

ಕರಗಿಸುವಾಗಲೇ ಸೀರಿಯಂ ಹಾಕಿದರೆ ಏಕೆ ಆಗದು

ಮೊದಲ ಸಲ ಮಾಡುವವರು ಎಡವುವುದು ಇಲ್ಲೇ. ಗಾಜಿನ ಮಿಶ್ರಣಕ್ಕೇ ಸೀರಿಯಂ ಆಕ್ಸೈಡ್ ಸೇರಿಸಿ ಕರಗಿಸಿ, ಆಮೇಲೆ ತೂತು ಮಾಡಿದರೆ ಒಂದೇ ಏಟಿಗೆ ಎರಡೂ ಕೆಲಸ ಮುಗಿಯುತ್ತದೆ ಅನ್ನಿಸುತ್ತದೆ. ಆಗುವುದು ಬೇರೆ. ಸೋಡಿಯಂ ಬೋರೋಸಿಲಿಕೇಟ್ ಗಾಜನ್ನು ಹದವಾಗಿ ಕಾಯಿಸಿದಾಗ ಅದು ಒಳಗೇ ಎರಡಾಗಿ ಒಡೆಯುತ್ತದೆ: ಬಹುಪಾಲು ಸಿಲಿಕಾ ಇರುವ ಒಂದು ಜಾಲ, ಬೋರೇಟ್ ಮತ್ತು ಸೋಡಿಯಂ ತುಂಬಿದ ಇನ್ನೊಂದು ಜಾಲ. ವಿರಳ ಭೂಧಾತುಗಳ ಅಯಾನುಗಳಿಗೆ ಸಿಲಿಕಾ ಜಾಲದಲ್ಲಿ ಹೊಂದಿಕೆ ಕಡಿಮೆ, ಅವುಗಳ ಹೆಚ್ಚಿನ ಪಾಲು ಬೋರೇಟ್ ಕಡೆ ಸೇರುತ್ತದೆ. ತೂತು ಮಾಡಲು ನಾವು ಆಮ್ಲದಲ್ಲಿ ಕರಗಿಸಿ ತೆಗೆಯುವುದು ಆ ಬೋರೇಟನ್ನೇ. ದುಡ್ಡು ಕೊಟ್ಟು ತಂದ ಸೀರಿಯಂ ಆಮ್ಲದ ಜೊತೆ ಮೋರಿಗೆ ಹೋಗುತ್ತದೆ.

ಅನುಮಾನವಿದ್ದರೆ ತೊಳೆದ ಆಮ್ಲವನ್ನು ಸ್ವಲ್ಪ ತೆಗೆದುಕೊಂಡು, ಅಮೋನಿಯಾ ಹನಿಸಿ ಪಿಎಚ್ 1.5ರ ಸುಮಾರಿಗೆ ತಂದು, ಆಕ್ಸಾಲಿಕ್ ಆಮ್ಲದ ದ್ರಾವಣ ಹಾಕಿ. ಬಿಳಿ ಗಸಿ ಇಳಿದರೆ ಅದು ಸೀರಿಯಂ ಆಕ್ಸಲೇಟ್. ಬೋರಿಕ್ ಆಮ್ಲ ಹಾಗೆ ಗಸಿ ಕಟ್ಟುವುದಿಲ್ಲ.

ಹಾಗಾಗಿ ಕ್ರಮ ಹೀಗೆ: ಸೀರಿಯಂ ಇಲ್ಲದ ಗಾಜು ಕರಗಿಸಿ, ಕಾಯಿಸಿ ಒಳಗೇ ಬೇರ್ಪಡಿಸಿ, ಆಮ್ಲದಲ್ಲಿ ತೊಳೆದು, ಉಳಿದ ಸಿಲಿಕಾ ಜಾಲದ ತೂತುಗಳಿಗೆ ಸೀರಿಯಂ ನೈಟ್ರೇಟ್ ಹೀರಿಸಿ ಸುಡುವುದು. ಬೇರ್ಪಡಿಸಿ ತೊಳೆಯುವ ವಿಧಾನವನ್ನು 1930ರ ದಶಕದಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಹ್ಯಾರಿಸನ್ ಹುಡ್ ಮತ್ತು ಮಾರ್ಟಿನ್ ನಾರ್ಡ್‌ಬರ್ಗ್ ಕಂಡುಹಿಡಿದರು. ವೈಕಾರ್ ಎಂಬ ಹೆಸರಿನ, ಸುಮಾರು 96 ಶೇಕಡಾ ಸಿಲಿಕಾ ಇರುವ ಗಾಜು ಹುಟ್ಟಿದ್ದು ಅದರಿಂದ.

ಗಾಜು ಕರಗಿಸುವುದು

ತೂಕದಲ್ಲಿ 70 ಪಾಲು ಸಿಲಿಕಾ, 23 ಪಾಲು ಬೋರಿಕ್ ಆಕ್ಸೈಡ್, 7 ಪಾಲು ಸೋಡಿಯಂ ಆಕ್ಸೈಡ್ ಇರುವ ಗಾಜು ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. 100 ಗ್ರಾಂ ಗಾಜಿಗೆ ಬೇಕಾದ್ದು:

ಸಿಲಿಕಾ ಪುಡಿ (ಶುದ್ಧ ಬೆಣಚುಕಲ್ಲು, 100 ಮೈಕ್ರಾನ್‌ಗಿಂತ ಸಣ್ಣದು) 70.0 ಗ್ರಾಂ
ಬೋರಿಕ್ ಆಮ್ಲ 40.9 ಗ್ರಾಂ
ಸೋಡಿಯಂ ಕಾರ್ಬೊನೇಟ್, ನೀರಿಲ್ಲದ್ದು 12.0 ಗ್ರಾಂ

ಒಟ್ಟು 122.9 ಗ್ರಾಂ. ಇದರಲ್ಲಿ ಸುಮಾರು 18 ಗ್ರಾಂ ನೀರಾವಿಯಾಗಿಯೂ 5 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿಯೂ ಹಾರಿಹೋಗುತ್ತದೆ. ಕರಗಿದ ಗಾಜಿನಿಂದ ಬೋರಾನ್ ಸ್ವಲ್ಪ ಆವಿಯಾಗುವ ಕಾರಣ ಬೋರಿಕ್ ಆಮ್ಲವನ್ನು ಶೇ 2ರಷ್ಟು ಹೆಚ್ಚಿಗೆ, ಅಂದರೆ 41.7 ಗ್ರಾಂ ಹಾಕುವುದು ಒಳ್ಳೆಯದು. ಸೋಡಿಯಂ ಕಾರ್ಬೊನೇಟ್ ತೇವ ಎಳೆದುಕೊಳ್ಳುತ್ತದೆ. ತೂಗುವ ಮುನ್ನ 200 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ. (ಇಲ್ಲಿ ಡಿಗ್ರಿ ಎಂದಲ್ಲೆಲ್ಲ ಸೆಲ್ಸಿಯಸ್.) ಸಿಲಿಕಾ ಪುಡಿ ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಎಂಬ ಕಾಯಿಲೆ ಬರುತ್ತದೆ. ತೂಗುವಾಗ, ಬೆರೆಸುವಾಗ ಸರಿಯಾದ ಧೂಳು ಮುಖಗವಸು ಬೇಕೇ ಬೇಕು. ಬಾಯಿಗೆ ಕಟ್ಟಿದ ಕರ್ಚೀಫು ಸಾಲದು.

ಮೂಸೆಯ ಆಯ್ಕೆ ಇಲ್ಲಿ ದೊಡ್ಡ ವಿಷಯ. ಪ್ಲಾಟಿನಂ–ರೋಡಿಯಂ ಮೂಸೆ ಇದ್ದರೆ ಅದೇ ಸರಿ. ಅಲ್ಯೂಮಿನಾ ಮೂಸೆ ಅಗ್ಗ, ಆದರೆ ಬೋರೇಟ್ ತುಂಬಿದ ಕರಗು ಅದರ ಗೋಡೆಯನ್ನು ಮೆಲ್ಲಗೆ ತಿನ್ನುತ್ತದೆ. ಗಾಜಿಗೆ ಸೇರಿದ ಅಲ್ಯೂಮಿನಾ ಬೇರ್ಪಡುವಿಕೆಯನ್ನು ತಡೆಯುತ್ತದೆ. ಮುಂದಿನ ಹಂತದಲ್ಲಿ ಗಂಟೆಗಟ್ಟಲೆ ಕಾಯಿಸಿದರೂ ಗಾಜು ತಿಳಿಯಾಗಿಯೇ ಉಳಿದರೆ ಮೊದಲು ಸಂಶಯಪಡಬೇಕಾದ್ದು ಮೂಸೆಯನ್ನು. ಅಲ್ಯೂಮಿನಾ ಬಿಟ್ಟರೆ ಗತಿಯಿಲ್ಲವೆಂದಾದರೆ ಕರಗಿಸುವ ಸಮಯವನ್ನು ಎರಡು ಗಂಟೆಗೆ ಮಿತಿಗೊಳಿಸಿ, ಒಮ್ಮೆ ಬಳಸಿದ ಮೂಸೆಯನ್ನು ಇನ್ನೊಮ್ಮೆ ಬಳಸಬೇಡಿ, ಗೋಡೆಗೆ ಅಂಟಿದ ಗಾಜನ್ನು ಕೆರೆದು ಸೇರಿಸಬೇಡಿ.

ಮಿಶ್ರಣವನ್ನು ಒಮ್ಮೆಲೇ ತುಂಬಿದರೆ ನೊರೆ ಉಕ್ಕಿ ಕುಲುಮೆಯ ತಳಕ್ಕೆ ಬೀಳುತ್ತದೆ. ಮೂರನೇ ಒಂದು ಭಾಗ ಮೂಸೆಗೆ ಹಾಕಿ 300 ಡಿಗ್ರಿಯಲ್ಲಿ ಒಂದು ಗಂಟೆ ಬಿಡಿ, ಬೋರಿಕ್ ಆಮ್ಲದ ನೀರು ಹೊರಡುವುದು ಇಲ್ಲಿ. ಆಮೇಲೆ ನಿಮಿಷಕ್ಕೆ 5 ಡಿಗ್ರಿಯಂತೆ 900ಕ್ಕೆ ಏರಿಸಿ ಇನ್ನೊಂದು ಗಂಟೆ, ಕಾರ್ಬೊನೇಟ್ ಮುಗಿಯುವುದು ಇಲ್ಲಿ. ಕುದಿತ ಅಡಗಿದ ಮೇಲೆ ಉಳಿದದ್ದನ್ನು ಎರಡು ಸಲಕ್ಕೆ ಹಂಚಿ ಸೇರಿಸಿ. ಕೊನೆಗೆ 1450ರಿಂದ 1500 ಡಿಗ್ರಿಯಲ್ಲಿ ಎರಡರಿಂದ ಮೂರು ಗಂಟೆ. ಈ ಶಾಖಕ್ಕೆ ಮಾಲಿಬ್ಡಿನಂ ಡೈಸಿಲಿಸೈಡ್ ಕಂಬಿಗಳಿರುವ ಕುಲುಮೆ ಬೇಕು. ಸಾಮಾನ್ಯ ತಂತಿ ಸುರುಳಿಯ ಮಫಲ್ ಫರ್ನೇಸ್ 1200ಕ್ಕೇ ಸುಸ್ತಾಗುತ್ತದೆ.

ಇದು ತೀರಾ ಗಟ್ಟಿ ಕರಗು. ಪ್ಲಾಟಿನಂ ಕಡ್ಡಿ ಅದ್ದಿ ಎತ್ತಿದರೆ ಬೆಲ್ಲದ ಪಾಕ ಎಳೆ ಬರುವಂತೆ ದಾರ ಬರಬೇಕು, ಆ ದಾರದಲ್ಲಿ ಬಿಳಿ ಕಣಗಳಿರಬಾರದು. ಕಣ ಕಂಡರೆ ಸಿಲಿಕಾ ಇನ್ನೂ ಕರಗಿಲ್ಲ. ಶಾಖ ಏರಿಸುವುದಕ್ಕಿಂತ, ಗಾಜನ್ನು ಹೊರಗೆ ಸುರಿದು ಪುಡಿ ಮಾಡಿ ಮತ್ತೊಮ್ಮೆ ಕರಗಿಸುವುದು ಒಳ್ಳೆಯ ದಾರಿ. ಗಾಜು ಎಲ್ಲ ಕಡೆ ಒಂದೇ ಸಮ ಇಲ್ಲದಿದ್ದರೆ ಒಂದು ಮೂಲೆಯಲ್ಲಿ ಒಳ್ಳೆಯ ತೂತು, ಇನ್ನೊಂದು ಮೂಲೆಯಲ್ಲಿ ಏನೂ ಇಲ್ಲ ಎಂಬಂತಾಗುತ್ತದೆ.

ಕಾಯಿಸಿದ ಉಕ್ಕಿನ ತಟ್ಟೆಯ ಮೇಲೆ ಸುರಿಯಿರಿ. ಸಿಡಿತದಿಂದ ಮುಖ ಕಾಪಾಡಲು ಪೂರ್ಣ ಮುಖದ ಗುರಾಣಿ, ಶಾಖ ತಡೆಯುವ ಕೈಗವಸು, ಹತ್ತಿಯ ಬಟ್ಟೆ. ನೈಲಾನ್ ಬಟ್ಟೆ ತೊಟ್ಟು ಕುಲುಮೆಯ ಬಳಿ ನಿಲ್ಲಬೇಡಿ.

ಕಾಯಿಸಿ ಬೇರ್ಪಡಿಸುವುದು

ಸುರಿದ ಗಾಜನ್ನು ಬೆರಳ ಗೆಣ್ಣಿನಷ್ಟು ದೊಡ್ಡ ತುಂಡುಗಳಾಗಿಯೇ ಇಟ್ಟು 600 ಡಿಗ್ರಿಯಲ್ಲಿ 24 ಗಂಟೆ ಕಾಯಿಸಿ. ಮೊದಲೇ ಪುಡಿ ಮಾಡಿ ಕಾಯಿಸುವ ಆಸೆ ಬೇಡ. ಪುಡಿ ಈ ಶಾಖದಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಇನ್ನೊಂದು ಕಾರಣವೂ ಇದೆ. ಕಾಯುವಾಗ ಹೊರಮೈಯಿಂದ ಬೋರಾನ್ ಮತ್ತು ಸೋಡಿಯಂ ಸ್ವಲ್ಪ ಹಾರಿ, ಸಿಲಿಕಾ ಹೆಚ್ಚಾದ ತೆಳು ಸಿಪ್ಪೆ ಉಳಿಯುತ್ತದೆ, ಆಮ್ಲ ಆ ಸಿಪ್ಪೆಯನ್ನು ದಾಟಲಾರದು. ಕಾಯಿಸಿದ ಮೇಲೆ ಒಡೆದರೆ ಸಿಪ್ಪೆಯಿಲ್ಲದ ಹೊಸ ಮುಖಗಳು ಸಿಗುತ್ತವೆ.

ಹದ ಬಂದಿದೆಯೇ ಎಂದು ತಿಳಿಯಲು ಉಪಕರಣ ಬೇಡ, ಕಣ್ಣು ಸಾಕು. ಕಪ್ಪು ಬಟ್ಟೆಯ ಮೇಲೆ ತುಂಡನ್ನು ಇಟ್ಟು ಪಕ್ಕದಿಂದ ಬೆಳಕು ಬಿಟ್ಟರೆ ನೀರು ಮಜ್ಜಿಗೆಯ ಹಾಗೆ ನಸುನೀಲಿ ಮಬ್ಬು ಕಾಣಬೇಕು. ಅದೇ ತುಂಡನ್ನು ಎತ್ತಿ ಬಲ್ಬಿಗೆ ಎದುರು ಹಿಡಿದರೆ ಜೇನಿನ ಬಣ್ಣ ಕಾಣುತ್ತದೆ. ಒಳಗಿನ ಎರಡು ಜಾಲಗಳು ಬೆಳಕಿನ ನೀಲಿ ಭಾಗವನ್ನು ಹೆಚ್ಚು ಚದುರಿಸುವುದರಿಂದ ಈ ಎರಡು ಬಣ್ಣ. ಪೂರ್ತಿ ತಿಳಿಯಾಗಿದ್ದರೆ ಬೇರ್ಪಡುವಿಕೆ ಸಾಲದು, ಅಥವಾ ಮೂಸೆಯ ಅಲ್ಯೂಮಿನಾ ಸೇರಿದೆ. ಹಾಲಿನಂತೆ ಬೆಳ್ಳಗಾಗಿ ಬೆಳಕೇ ದಾಟದಿದ್ದರೆ ಜಾಲದ ಎಳೆಗಳು ತೀರಾ ದಪ್ಪವಾಗಿವೆ. ತೂತು ದೊಡ್ಡದಾಗಿ, ಮೇಲ್ಮೈ ಕಡಿಮೆ ಬರುತ್ತದೆ.

ಶಾಖ ಮತ್ತು ಸಮಯ ಎರಡೂ ತೂತಿನ ಅಳತೆಯನ್ನು ನಿರ್ಧರಿಸುತ್ತವೆ. ಸಣ್ಣ ತೂತು, ದೊಡ್ಡ ಮೇಲ್ಮೈ ಬೇಕಾದರೆ 540–560 ಡಿಗ್ರಿ. ದ್ರವದೊಳಗಿನ ಕ್ರಿಯೆಗಳಿಗೆ, ದೊಡ್ಡ ಅಣುಗಳಿಗೆ ಅಗಲ ತೂತು ಬೇಕಾದರೆ 640–660. 700ರ ಮೇಲೆ ಹೋಗಬೇಡಿ. 750ರ ಸುಮಾರಿನಲ್ಲಿ ಎರಡೂ ಜಾಲಗಳು ಮತ್ತೆ ಬೆರೆತು ಗಾಜು ಒಂದಾಗಿಬಿಡುತ್ತದೆ. ಕುಲುಮೆಯ ಫಲಕದಲ್ಲಿ ತೋರುವ ಅಂಕಿಯನ್ನು ನಂಬದೆ, ಗಾಜಿನ ಪಕ್ಕದಲ್ಲೇ ಇನ್ನೊಂದು ಥರ್ಮೋಕಪಲ್ (ಶಾಖ ಅಳೆಯುವ ತಂತಿ ಜೋಡಿ) ಇಟ್ಟು ಅಳೆಯಿರಿ. ಇಲ್ಲಿ 20 ಡಿಗ್ರಿ ವ್ಯತ್ಯಾಸವೂ ತೂತಿನಲ್ಲಿ ಕಾಣಿಸುತ್ತದೆ.

ಆಮೇಲೆ ಒಡೆದು ಜರಡಿ ಹಿಡಿಯಿರಿ. 500 ಮೈಕ್ರಾನ್ ಜರಡಿ (35 ಮೆಶ್) ದಾಟಿ 250 ಮೈಕ್ರಾನ್ (60 ಮೆಶ್) ಮೇಲೆ ನಿಲ್ಲುವ ಪಾಲು ಬೇಕು, ಕಣ್ಣಂದಾಜಿಗೆ ಉಪ್ಪಿಟ್ಟಿನ ರವೆಯಷ್ಟು. ಉಕ್ಕಿನ ಕುಟ್ಟಾಣಿಯಲ್ಲಿ ಒಡೆದರೆ ಕಬ್ಬಿಣದ ಚೂರು ಸೇರುತ್ತದೆ. ಕಾಗದದ ಮೇಲೆ ಹರಡಿ ಆಯಸ್ಕಾಂತ ಆಡಿಸಿ, ಉಳಿದದ್ದನ್ನು ಮುಂದಿನ ಆಮ್ಲ ತೆಗೆಯುತ್ತದೆ. ಸೀರಿಯಂ ತುಂಬಿದ ಮೇಲಂತೂ ಉಕ್ಕಿನ ಸಾಮಾನು ಮುಟ್ಟಿಸಬೇಡಿ, ಅಗೇಟ್ ಕಲ್ಬತ್ತು ಮಾತ್ರ ಬಳಸಿ.

ಆಮ್ಲದಲ್ಲಿ ತೊಳೆಯುವುದು

ಪುಸ್ತಕಗಳಲ್ಲಿ ಹೆಚ್ಚಾಗಿ ಹೈಡ್ರೋಕ್ಲೋರಿಕ್ ಆಮ್ಲ ಎಂದಿರುತ್ತದೆ. ಸೀರಿಯಂಗೆ ಆಸರೆಯಾಗಬೇಕಾದ ಗಾಜಿಗೆ ನೈಟ್ರಿಕ್ ಆಮ್ಲವೇ ಮೇಲು. ತೂತುಗಳಲ್ಲಿ ಕ್ಲೋರೈಡ್ ಉಳಿದರೆ ಮುಂದೆ ಸೀರಿಯಂ ಆಕ್ಸಿಕ್ಲೋರೈಡ್ ಆಗಿ ಕೂರುತ್ತದೆ. ಆಗ ಸೀರಿಯಂ ಆಮ್ಲಜನಕವನ್ನು ಬಿಟ್ಟುಕೊಟ್ಟು ಮತ್ತೆ ಪಡೆಯುವ ಗುಣವೇ ಕುಗ್ಗುತ್ತದೆ, ನಮಗೆ ಬೇಕಾದ್ದು ಆ ಗುಣವೇ.

10 ಗ್ರಾಂ ರವೆಗೆ 250 ಮಿ.ಲೀ., ಲೀಟರಿಗೆ 1 ಮೋಲ್ ಸಾಂದ್ರತೆಯ ನೈಟ್ರಿಕ್ ಆಮ್ಲ. ದುಂಡು ತಳದ ಫ್ಲಾಸ್ಕಿಗೆ ಆವಿಯನ್ನು ತಣಿಸಿ ಮರಳಿಸುವ ಕಂಡೆನ್ಸರ್ ಕೂರಿಸಿ 90 ಡಿಗ್ರಿಯಲ್ಲಿ 24 ಗಂಟೆ ಇಡಿ. 12 ಗಂಟೆಯಾದ ಮೇಲೆ ಹಳೆಯ ಆಮ್ಲ ಬಸಿದು ಹೊಸದು ಹಾಕಿ. ಕಾಂತದ ಕಡ್ಡಿಯಿಂದ ಕಲಕಿದರೆ ರವೆ ಅರೆದು ಹಿಟ್ಟಾಗುತ್ತದೆ. ಆಗಾಗ ಫ್ಲಾಸ್ಕನ್ನೇ ತಿರುವಿದರೆ ಸಾಕು.

ಆಮ್ಲ ಉಳಿಸಲು ಹೋಗಬೇಡಿ. 10 ಗ್ರಾಂ ಗಾಜಿನಿಂದ ಸುಮಾರು 4 ಗ್ರಾಂ ಬೋರಿಕ್ ಆಮ್ಲ ಹೊರಬರುತ್ತದೆ. 50 ಮಿ.ಲೀ. ದ್ರವದಲ್ಲಿ ಬಿಸಿಯಿದ್ದಾಗ ಅದು ಕರಗಿರುತ್ತದೆ, ತಣಿದಾಗ ಫಳಫಳ ಹೊಳೆಯುವ ಹಪ್ಪಳೆಗಳಾಗಿ ತೂತಿನೊಳಗೇ ಕೂರುತ್ತದೆ. 250 ಮಿ.ಲೀ. ಇದ್ದರೂ ಬಿಸಿಬಿಸಿಯಾಗಿಯೇ ಸೋಸಿ, ಬಿಸಿ ಬಟ್ಟಿ ಇಳಿಸಿದ ನೀರಿನಿಂದ ಐದಾರು ಸಲ ತೊಳೆಯಿರಿ. ಕೊನೆಯ ಸಲ ತೊಳೆದ ನೀರು ಪಿಎಚ್ ಕಾಗದದಲ್ಲಿ, ತೊಳೆಯಲು ಬಳಸಿದ ಬಟ್ಟಿ ನೀರಿನಂತೆಯೇ ತೋರಬೇಕು.

ಒಣಗಿಸಿದ ಮೇಲೆ ತೂಗಿ ನೋಡಿ. ಬೋರೇಟ್ ಮತ್ತು ಸೋಡಿಯಂ ಪೂರ್ತಿ ಹೋದರೆ ತೂಕ ಶೇ 30 ಇಳಿಯಬೇಕು. ಸಾಮಾನ್ಯವಾಗಿ 25ರಿಂದ 29ರವರೆಗೆ ಸಿಗುತ್ತದೆ. 20ಕ್ಕಿಂತ ಕಡಿಮೆಯಾದರೆ ಬೋರೇಟ್ ಒಂದಕ್ಕೊಂದು ಹೊಂದಿಕೊಂಡ ಜಾಲವಾಗದೆ ಬಿಡಿ ಹನಿಗಳಾಗಿ ನಿಂತಿದೆ, ಆಮ್ಲಕ್ಕೆ ದಾರಿಯಿಲ್ಲ. 30 ದಾಟಿದರೆ ಸಿಲಿಕಾವೂ ಹೋಗಿದೆ, ಅಥವಾ ಸೋಸುವಾಗ ಪುಡಿ ಕಳೆದಿದೆ. ಇಡೀ ಕೆಲಸದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಖಚಿತವಾದ ಪರೀಕ್ಷೆ ಇಲ್ಲ. ಆದರೂ ಹೆಚ್ಚಿನವರು ಇದನ್ನು ಬಿಟ್ಟು ನೇರ ಉಪಕರಣಗಳ ಬಳಿ ಓಡುತ್ತಾರೆ.

ಬೋರೇಟ್ ಜಾಲದಲ್ಲಿ ಸ್ವಲ್ಪ ಸಿಲಿಕಾವೂ ಕರಗಿರುತ್ತದೆ. ಬೋರೇಟ್ ಹೋದಾಗ ಆ ಸಿಲಿಕಾ ಮೆತ್ತನೆಯ ಜೆಲ್ ಆಗಿ ತೂತಿನಲ್ಲೇ ಉಳಿಯುತ್ತದೆ. ಅದನ್ನು ಉಳಿಸಿಕೊಂಡರೆ ತೂತು 4 ನ್ಯಾನೊಮೀಟರ್ ಸುಮಾರು, ಮೇಲ್ಮೈ ಹೆಚ್ಚು. ಅನಿಲ ಕ್ರಿಯೆಗೆ ಇದು ನಡೆಯುತ್ತದೆ. ಅಗಲ ತೂತು ಬೇಕೆಂದರೆ ಲೀಟರಿಗೆ 0.5 ಮೋಲ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ, ಕೋಣೆಯ ಶಾಖದಲ್ಲೇ, ಎರಡು ಗಂಟೆ ನೆನೆಸಿ ಜೆಲ್ ತೆಗೆಯಿರಿ. ಬಿಸಿ ಮಾಡಿದರೆ ಜಾಲವೇ ಕರಗುತ್ತದೆ. ಆಮೇಲೆ ಮತ್ತೊಮ್ಮೆ ದುರ್ಬಲ ನೈಟ್ರಿಕ್ ಆಮ್ಲದಲ್ಲಿ ತೊಳೆದು ಸೋಡಿಯಂ ಹೊರಹಾಕಬೇಕು. ಉಳಿದ ಸೋಡಿಯಂ ಗಾಜಿನ ಜಾಲವನ್ನು ಕಡಿಮೆ ಶಾಖದಲ್ಲೇ ಕುಸಿಯುವಂತೆ ಮಾಡುತ್ತದೆ.

120 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ, 500ರಲ್ಲಿ ಎರಡು ಗಂಟೆ ಸುಟ್ಟು, ಡೆಸಿಕೇಟರಿನಲ್ಲಿ, ಅಂದರೆ ತೇವ ತಾಗದ ಮುಚ್ಚಿದ ಪಾತ್ರೆಯಲ್ಲಿ, ಇಡಿ. ಸೌಲಭ್ಯವಿದ್ದರೆ ದ್ರವ ಸಾರಜನಕದ ಶಾಖದಲ್ಲಿ, ಅಂದರೆ −196 ಡಿಗ್ರಿಯಲ್ಲಿ, ಬಿಇಟಿ ವಿಧಾನದಿಂದ (ಗಾಜಿನ ಮೈಗೆ ಎಷ್ಟು ಸಾರಜನಕ ಅಂಟುತ್ತದೆ ಎಂಬುದರಿಂದ ಮೇಲ್ಮೈ ಲೆಕ್ಕ ಹಾಕುವ ವಿಧಾನ) ಮೇಲ್ಮೈ ಅಳೆಸಿ.

ಸೀರಿಯಂ ತುಂಬುವುದು

ತೂತುಗಳು ಎಷ್ಟು ದ್ರವ ಹಿಡಿಯುತ್ತವೋ ಅಷ್ಟೇ ದ್ರಾವಣ ಕೊಡಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅಳೆಯುವುದು ಸುಲಭ. 1.00 ಗ್ರಾಂ ಒಣ ಗಾಜನ್ನು ಸಣ್ಣ ಬಟ್ಟಲಿನಲ್ಲಿ ಹಾಕಿ ಮೈಕ್ರೊಪಿಪೆಟ್‌ನಿಂದ 20 ಮೈಕ್ರೊಲೀಟರಿನಂತೆ ನೀರು ಹನಿಸುತ್ತ ಗಾಜಿನ ಕಡ್ಡಿಯಿಂದ ಕಲಸುತ್ತ ಹೋಗಿ. ಮೊದಲು ರವೆ ಒಣಗಿದಂತೆಯೇ ಉದುರುದುರಾಗಿರುತ್ತದೆ. ಒಂದು ಹನಿಗೆ ಇದ್ದಕ್ಕಿದ್ದಂತೆ ಮೈ ಹೊಳೆದು ಒಂದಕ್ಕೊಂದು ಅಂಟುತ್ತದೆ. ರವೆ ಉಂಡೆಗೆ ಹಾಲು ಚಿಮುಕಿಸುವವರಿಗೆ ಈ ಕ್ಷಣ ಚೆನ್ನಾಗಿ ಗೊತ್ತು. ಆ ಹನಿಗೆ ಮುಂಚೆ ಹೋದ ನೀರೇ ಗ್ರಾಂಗೆ ಹಿಡಿಯುವ ಅಳತೆ. ಜೆಲ್ ತೆಗೆಯದ ಗಾಜಿಗೆ ಇದು 0.2 ಮಿ.ಲೀ. ಸುಮಾರು, ತೆಗೆದದ್ದಕ್ಕೆ 0.4 ಅಥವಾ ಹೆಚ್ಚು.

ಶೇ 10 ಸೀರಿಯಂ ಆಕ್ಸೈಡ್ ಬೇಕೆಂದರೆ 9 ಗ್ರಾಂ ಗಾಜಿಗೆ 1 ಗ್ರಾಂ ಆಕ್ಸೈಡ್. ಅದಕ್ಕೆ 2.52 ಗ್ರಾಂ ಸೀರಿಯಂ ನೈಟ್ರೇಟ್ ಹೆಕ್ಸಾಹೈಡ್ರೇಟ್ ಬೇಕು. ಗಾಜು ಗ್ರಾಂಗೆ 0.4 ಮಿ.ಲೀ. ಹಿಡಿಯುವುದಾದರೆ ಲವಣವನ್ನು ನೀರಿನಲ್ಲಿ ಕರಗಿಸಿ ಒಟ್ಟು 3.6 ಮಿ.ಲೀ.ಗೆ ತನ್ನಿ. 0.2 ಮಾತ್ರ ಹಿಡಿಯುವುದಾದರೆ ಒಂದೇ ಸಲಕ್ಕೆ ತುರುಕಬೇಡಿ. ಅರ್ಧ ಲವಣ 1.8 ಮಿ.ಲೀ.ಯಲ್ಲಿ ಹೀರಿಸಿ, ಒಣಗಿಸಿ, ಸುಟ್ಟು, ಉಳಿದರ್ಧವನ್ನು ಎರಡನೇ ಸಲ ಹೀರಿಸಿ.

ಒಣಗಿಸುವಾಗ ಅವಸರ ಮಾಡಿದರೆ ಇಡೀ ಶ್ರಮ ಹಾಳು. ಹೊರಮೈ ಬೇಗ ಒಣಗಿದರೆ ಒಳಗಿನ ದ್ರಾವಣ ಹೊರಕ್ಕೆ ಎಳೆದುಕೊಂಡು ಬಂದು ಲವಣವೆಲ್ಲ ಕಾಳಿನ ಅಂಚಿನಲ್ಲಿ ಹೆಪ್ಪುಗಟ್ಟುತ್ತದೆ, ತೂತುಗಳ ಬಾಯಿ ಮುಚ್ಚುತ್ತದೆ. ಮುಚ್ಚಿದ ಬಟ್ಟಲಲ್ಲಿ ಎರಡು ಗಂಟೆ ನೆನೆಯಲು ಬಿಡಿ, 60 ಡಿಗ್ರಿಯಲ್ಲಿ ಆರು ಗಂಟೆ, ಆಮೇಲೆ 110ರಲ್ಲಿ ರಾತ್ರಿಯಿಡೀ. ಸುಡುವುದು ನಿಮಿಷಕ್ಕೆ 2 ಡಿಗ್ರಿಯಂತೆ 450ಕ್ಕೆ ಏರಿಸಿ ನಾಲ್ಕು ಗಂಟೆ. 200ರಿಂದ 400 ಡಿಗ್ರಿಯ ನಡುವೆ ನೈಟ್ರೇಟ್ ಒಡೆದು ಕಂದು ಬಣ್ಣದ ವಿಷಾನಿಲ ಬರುತ್ತದೆ. ಕುಲುಮೆಯ ಹೊಗೆ ಕೊಳವೆ ಹೊರಕ್ಕೆ ಹೋಗುವಂತಿರಬೇಕು.

ಸುಟ್ಟ ಮೇಲೆ ಬಣ್ಣ ತಿಳಿ ಹಳದಿ. ಒಂದು ಕಾಳನ್ನು ಎರಡಾಗಿ ಮುರಿದು ಭೂತಗನ್ನಡಿಯಲ್ಲಿ ನೋಡಿ. ಒಡೆದ ಮುಖದ ನಡುವಿನವರೆಗೂ ಅದೇ ಹಳದಿ ಇದ್ದರೆ ತುಂಬುವಿಕೆ ಸರಿಯಾಗಿದೆ. ಅಂಚಿನಲ್ಲಿ ಹಳದಿ ಉಂಗುರ, ನಡುವೆ ಬಿಳಿ ಕಂಡರೆ ಒಣಗಿಸುವಾಗ ಅವಸರವಾಗಿದೆ. ಹರಳಿನ ರಚನೆ ತೋರಿಸುವ ಎಕ್ಸ್-ರೇ ವಿವರ್ತನೆ ಮಾಡಿಸಿದರೆ, ತಾಮ್ರದ ಕೆ-ಆಲ್ಫಾ ಕಿರಣಕ್ಕೆ, 28.5, 33.1, 47.5 ಮತ್ತು 56.3 ಡಿಗ್ರಿ ಕೋನಗಳಲ್ಲಿ (ಇದು 2θ ಕೋನ, ಸೆಲ್ಸಿಯಸ್ ಅಲ್ಲ) ಸೀರಿಯಂ ಆಕ್ಸೈಡಿನ ಗೆರೆಗಳು, 22ರ ಸುಮಾರಿನಲ್ಲಿ ಗಾಜಿನ ಅಗಲ ಗುಡ್ಡ. ಗೆರೆಗಳು ಅಗಲವಾಗಿದ್ದಷ್ಟೂ ಕಣ ಸಣ್ಣದು, ನಮಗೆ ಅನುಕೂಲ.

ಪೆರಾಕ್ಸೈಡ್ ಪರೀಕ್ಷೆ

ಮಾಡಿದ ಕ್ರಿಯಾವರ್ಧಕ ಎಷ್ಟು ಚುರುಕು ಎಂದು ಮೊದಲು ಪೆರಾಕ್ಸೈಡಿನಲ್ಲಿ ನೋಡಬಹುದು. ಹೈಡ್ರೋಜನ್ ಪೆರಾಕ್ಸೈಡ್ ಒಡೆದು ಆಮ್ಲಜನಕ ಬಿಡುವ ವೇಗವನ್ನು ಅಳೆಯಲು ಗ್ಯಾಸ್ ಬ್ಯುರೆಟ್ (ಅನಿಲದ ಗಾತ್ರ ಅಳೆಯುವ ಕೊಳವೆ), 30 ಡಿಗ್ರಿಯ ನೀರಿನ ತೊಟ್ಟಿ, ಕಾಂತ ಕಲಕುಯಂತ್ರ ಇದ್ದರೆ ಸಾಕು. ಯಾವ ಡಿಗ್ರಿ ಕಾಲೇಜಿನ ಪ್ರಯೋಗಾಲಯದಲ್ಲೂ ಮಾಡಬಹುದು.

ಔಷಧಿ ಅಂಗಡಿಯ ಪೆರಾಕ್ಸೈಡ್ ಬೇಡ. ಅದು ಕೆಡದಿರಲೆಂದು ಫಾಸ್ಫೇಟಿನಂಥ ವಸ್ತು ಸೇರಿಸಿರುತ್ತಾರೆ, ಫಾಸ್ಫೇಟ್ ಸೀರಿಯಂ ಮೇಲೆ ಗಟ್ಟಿಯಾಗಿ ಕೂತು ಅದನ್ನು ಸುಮ್ಮನಾಗಿಸುತ್ತದೆ. ಪ್ರಯೋಗಾಲಯ ದರ್ಜೆಯ ಶೇ 30ರ ಪೆರಾಕ್ಸೈಡಿನ 9 ಮಿ.ಲೀ.ಯನ್ನು 100ಕ್ಕೆ ತಂದರೆ ಶೇ 3ರದ್ದು ಆಗುತ್ತದೆ. ಶೇ 30ರದ್ದು ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕೈಗವಸು ಮತ್ತು ಕನ್ನಡಕ ಹಾಕಿ. ಹಳೆಯ ಬಾಟಲಿಯ ಚೀಟಿಯಲ್ಲಿ ಬರೆದ ಅಂಕಿ ನಂಬಬೇಡಿ, ಪರ್ಮಾಂಗನೇಟ್‌ನಿಂದ ಅಳೆಯಿರಿ. ಆಮ್ಲ ಬೆರೆಸಿದ 1 ಮಿ.ಲೀ. ಶೇ 3 ಪೆರಾಕ್ಸೈಡಿಗೆ ಲೀಟರಿಗೆ 0.02 ಮೋಲ್‌ನ ಪರ್ಮಾಂಗನೇಟ್ 17.6 ಮಿ.ಲೀ. ಹಿಡಿಯಬೇಕು.

10 ಮಿ.ಲೀ. ಪೆರಾಕ್ಸೈಡ್ ತೊಟ್ಟಿಯಲ್ಲಿ ಹದಿನೈದು ನಿಮಿಷ ನಿಂತು ಶಾಖಕ್ಕೆ ಬಂದ ಮೇಲೆ 0.100 ಗ್ರಾಂ ಕ್ರಿಯಾವರ್ಧಕ ಹಾಕಿ, ತಕ್ಷಣ ಮುಚ್ಚಿ, ನಿಮಿಷಕ್ಕೊಮ್ಮೆ ಅನಿಲದ ಗಾತ್ರ ಬರೆದುಕೊಳ್ಳಿ. ಈ ಪರೀಕ್ಷೆಗೆ ಮಾತ್ರ ರವೆಯನ್ನು ಅಗೇಟ್ ಕಲ್ಬತ್ತಿನಲ್ಲಿ ನುಣ್ಣಗೆ ಅರೆದುಕೊಳ್ಳಿ. ಪುಡಿ ಪೆರಾಕ್ಸೈಡಿಗೆ ಬಿದ್ದ ಕ್ಷಣವೇ ತಿಳಿ ಹಳದಿ ಹೋಗಿ ಕಿತ್ತಳೆ ಬಣ್ಣ ತಿರುಗುತ್ತದೆ. ಸೀರಿಯಂ ಮೇಲ್ಮೈಯಲ್ಲಿ ಪೆರಾಕ್ಸೈಡ್ ಕೂತು ಮಾಡುವ ಬಣ್ಣ ಅದು. ಸೀರಿಯಂ ನಿಜಕ್ಕೂ ದ್ರವಕ್ಕೆ ಸಿಗುವಂತೆ ತೂತಿನ ಗೋಡೆಯ ಮೇಲಿದೆ ಎಂಬುದನ್ನು ಕಣ್ಣಿಗೇ ತೋರಿಸಿಕೊಡುವ ಗುರುತು. ಮಿಶ್ರಣಕ್ಕೇ ಸೀರಿಯಂ ಹಾಕಿ ಕರಗಿಸಿದ ಗಾಜಿನ ಪುಡಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ, ವ್ಯತ್ಯಾಸ ಎದ್ದು ಕಾಣುತ್ತದೆ.

ಪೂರ್ತಿ ಒಡೆದರೆ ಎಷ್ಟು ಅನಿಲ ಬರಬೇಕು ಎಂಬುದು ಊರಿನ ಮೇಲೆ ನಿಲ್ಲುತ್ತದೆ. 27 ಡಿಗ್ರಿಯಲ್ಲಿ, ನೀರಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಸಮುದ್ರದಂಡೆಯ ಮಂಗಳೂರಿನಲ್ಲಿ ಸುಮಾರು 113 ಮಿ.ಲೀ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಅಲ್ಲಿ ಅದೇ ಪೆರಾಕ್ಸೈಡ್ ಸುಮಾರು 125 ಮಿ.ಲೀ. ಕೊಡುತ್ತದೆ. ಪುಸ್ತಕದ ಅಂಕಿಯನ್ನು ಹಾಗೇ ಹಾಕಿದವರ ಲೆಕ್ಕ ಇಲ್ಲಿ ತಪ್ಪುತ್ತದೆ. ಕೊನೆಯ ಗಾತ್ರದಿಂದ ಆಗಿನ ಗಾತ್ರ ಕಳೆದು, ಅದರ ಸ್ವಾಭಾವಿಕ ಲಾಗರಿದಮ್ (ln) ಅನ್ನು ಸಮಯದ ಎದುರು ಗುರುತಿಸಿದರೆ ನೇರ ಗೆರೆ ಬರಬೇಕು. ಇಳಿಜಾರೇ ವೇಗ ಸ್ಥಿರಾಂಕ.

ಎರಡು ಖಾಲಿ ಪರೀಕ್ಷೆಗಳಿಲ್ಲದೆ ಯಾವ ಅಂಕಿಯನ್ನೂ ವರದಿ ಮಾಡಬೇಡಿ. ಒಂದು, ಸೀರಿಯಂ ತುಂಬದ ಸರಂಧ್ರ ಗಾಜು. ಅದೂ ಅನಿಲ ಬಿಡುತ್ತಿದ್ದರೆ ಕಬ್ಬಿಣ ಸೇರಿದೆ ಎಂದರ್ಥ, ಪೆರಾಕ್ಸೈಡ್ ಒಡೆಯುವುದರಲ್ಲಿ ಕಬ್ಬಿಣ ಬಹಳ ಚುರುಕು. ಎರಡು, ಕ್ರಿಯೆ ಅರ್ಧಕ್ಕೆ ಬಂದಾಗ ಪುಡಿಯನ್ನು ಸೋಸಿ ತೆಗೆದು ದ್ರವ ಮಾತ್ರ ಮುಂದುವರಿಸುವುದು. ಆಗಲೂ ಅನಿಲ ಅದೇ ವೇಗದಲ್ಲಿ ಬಂದರೆ ಸೀರಿಯಂ ಕರಗಿ ದ್ರವಕ್ಕೆ ಹೋಗುತ್ತಿದೆ.

ಇಂಗಾಲದ ಮಾನಾಕ್ಸೈಡ್

ಸೀರಿಯಂ ಆಕ್ಸೈಡಿನ ನಿಜವಾದ ಬಲ ಇಲ್ಲಿದೆ. ಅದು ತನ್ನ ಜಾಲದ ಆಮ್ಲಜನಕವನ್ನು ಮಾನಾಕ್ಸೈಡಿಗೆ ಕೊಟ್ಟು ತಾನು ಮೂರು ವೇಲೆನ್ಸಿಗೆ ಇಳಿಯುತ್ತದೆ, ಗಾಳಿಯಿಂದ ಆಮ್ಲಜನಕ ಪಡೆದು ಮತ್ತೆ ನಾಲ್ಕಕ್ಕೆ ಏರುತ್ತದೆ. ಪೆಟ್ರೋಲ್ ಕಾರುಗಳ ಹೊಗೆ ಕೊಳವೆಯ ಕನ್ವರ್ಟರಿನಲ್ಲಿ ಸೀರಿಯಂ–ಜಿರ್ಕೋನಿಯಂ ಆಕ್ಸೈಡ್ ಹಾಕುವುದು ಇದಕ್ಕೇ.

6 ಮಿ.ಮೀ. ಒಳವ್ಯಾಸದ ಕ್ವಾರ್ಟ್ಸ್ ಕೊಳವೆಯಲ್ಲಿ ಕ್ವಾರ್ಟ್ಸ್ ಉಣ್ಣೆಯ ನಡುವೆ 0.2 ಗ್ರಾಂ ರವೆ. ಶೇ 1 ಮಾನಾಕ್ಸೈಡ್, ಶೇ 10 ಆಮ್ಲಜನಕ, ಉಳಿದದ್ದು ಸಾರಜನಕ, ನಿಮಿಷಕ್ಕೆ 50 ಮಿ.ಲೀ. ನಿಮಿಷಕ್ಕೆ 2 ಡಿಗ್ರಿಯಂತೆ ಏರಿಸುತ್ತ ಹೊರಬರುವ ಅನಿಲವನ್ನು ಕ್ರೊಮ್ಯಾಟೊಗ್ರಾಫಿನಲ್ಲಿ (ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ನೋಡಿ. ಬರಿಯ ಸೀರಿಯಂ ಆಕ್ಸೈಡಿಗೆ ಅರ್ಧ ಮಾನಾಕ್ಸೈಡ್ ಸುಡಲು 300–400 ಡಿಗ್ರಿ ಬೇಕಾಗುತ್ತದೆ. ಅದರ ಮೇಲೆ ಶೇ 5 ತಾಮ್ರದ ಆಕ್ಸೈಡ್ ಹಾಕಿದರೆ (10 ಗ್ರಾಂಗೆ 1.52 ಗ್ರಾಂ ತಾಮ್ರದ ನೈಟ್ರೇಟ್ ಟ್ರೈಹೈಡ್ರೇಟ್, ಅದೇ ಹೀರಿಸುವ ವಿಧಾನ) ಆ ಶಾಖ ಗಣನೀಯವಾಗಿ ಇಳಿಯುತ್ತದೆ.

ಇಲ್ಲಿ ಮೋಸ ಮಾಡುವುದು ಶಾಖದ ಅಳತೆ. ಮಾನಾಕ್ಸೈಡ್ ಸುಟ್ಟಾಗ ಮೋಲಿಗೆ 283 ಕಿಲೋಜೌಲ್ ಶಾಖ ಹೊರಬರುತ್ತದೆ. ಶಾಖ ಎಲ್ಲೂ ಸೋರದಿದ್ದರೆ ಶೇ 1 ಮಾನಾಕ್ಸೈಡ್ ಕೂಡ ಅನಿಲವನ್ನು ಸುಮಾರು 95 ಡಿಗ್ರಿ ಬಿಸಿ ಮಾಡಬಲ್ಲದು. ಕುಲುಮೆಯ ಗೋಡೆಯಲ್ಲಿರುವ ಥರ್ಮೋಕಪಲ್ ಅದನ್ನು ಕಾಣುವುದಿಲ್ಲ, ತುದಿ ರವೆಯನ್ನೇ ಮುಟ್ಟುವಂತೆ ಇನ್ನೊಂದನ್ನು ಇಡಿ. ಸುಟ್ಟ ಕ್ವಾರ್ಟ್ಸ್ ಮರಳನ್ನು ರವೆಯ ಐದು ಪಟ್ಟು ಬೆರೆಸಿದರೆ ಶಾಖ ಹಂಚಿಹೋಗುತ್ತದೆ. ಮಾನಾಕ್ಸೈಡಿಗೆ ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ಹೊಗೆಗೂಡು (ಫ್ಯೂಮ್ ಹುಡ್) ಮತ್ತು ಎಚ್ಚರಿಕೆ ಗಂಟೆಯಿರುವ ಪತ್ತೆ ಯಂತ್ರ ಎರಡೂ ಇಲ್ಲದ ಕಡೆ ಈ ಪರೀಕ್ಷೆಯನ್ನೇ ಮಾಡಬೇಡಿ, ಪೆರಾಕ್ಸೈಡಿಗೇ ನಿಲ್ಲಿಸಿ.

ಸೀರಿಯಂ ಬದಲು ಲ್ಯಾಂಥನಂ

ಹೀರಿಸುವ ವಿಧಾನ ಅದೇ. 1 ಗ್ರಾಂ ಲ್ಯಾಂಥನಂ ಆಕ್ಸೈಡಿಗೆ 2.66 ಗ್ರಾಂ ಲ್ಯಾಂಥನಂ ನೈಟ್ರೇಟ್ ಹೆಕ್ಸಾಹೈಡ್ರೇಟ್. ಲ್ಯಾಂಥನಂಗೆ ವೇಲೆನ್ಸಿ ಬದಲಿಸುವ ಗುಣವಿಲ್ಲ, ಅದರ ಮೇಲ್ಮೈ ಪ್ರತ್ಯಾಮ್ಲೀಯ. ಐಸೊಪ್ರೊಪೈಲ್ ಆಲ್ಕೊಹಾಲ್ ಆವಿ ಹಾಯಿಸಿದರೆ ಆಮ್ಲೀಯ ಜಾಗಗಳು ಪ್ರೊಪೀನ್ ಕೊಡುತ್ತವೆ, ಪ್ರತ್ಯಾಮ್ಲೀಯ ಜಾಗಗಳು ಅಸಿಟೋನ್ ಕೊಡುತ್ತವೆ. ಎರಡರ ಪ್ರಮಾಣ ನೋಡಿ ಮೇಲ್ಮೈಯ ಸ್ವಭಾವ ಹೇಳಬಹುದು. ಲ್ಯಾಂಥನಂನ ತೊಂದರೆ ತೂಕದಲ್ಲಿ. ಬಾಟಲಿಯ ಆಕ್ಸೈಡ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ಪೂರ್ತಿ ಹೈಡ್ರಾಕ್ಸೈಡ್ ಆದರೆ ತೂಕ ಸುಮಾರು ಶೇ 16.6 ಹೆಚ್ಚಿರುತ್ತದೆ. ಲ್ಯಾಂಥನಂ ಗಾಜು ಕರಗಿಸುವವರು ಅದನ್ನು 1000 ಡಿಗ್ರಿಯಲ್ಲಿ ಎರಡು ಗಂಟೆ ಸುಟ್ಟು, ಡೆಸಿಕೇಟರಿನಲ್ಲಿ ತಣಿಸಿ, ಕೂಡಲೇ ತೂಗಬೇಕು.

ಇಡುವುದು, ಮತ್ತೆ ಬಳಸುವುದು

ತುಂಬಿದ ಗಾಜನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿಡಿ, ಬಳಸುವ ಮುನ್ನ 400 ಡಿಗ್ರಿಯಲ್ಲಿ ಒಂದು ಗಂಟೆ ಗಾಳಿಯಲ್ಲಿ ಕಾಯಿಸಿ. ಚುರುಕು ಇಳಿದಾಗ ಮೊದಲು ಮಾಡಬೇಕಾದ್ದೂ ಇದೇ. ಮಸಿ ಅಥವಾ ಕಾರ್ಬೊನೇಟ್ ಕೂತಿದ್ದರೆ ಇಷ್ಟರಲ್ಲೇ ಹೋಗುತ್ತದೆ. ಹೋಗದಿದ್ದರೆ ಬಿಇಟಿ ಮತ್ತೆ ಅಳೆಸಿ. ಮೇಲ್ಮೈ ಕುಸಿದಿದ್ದರೆ ಎಲ್ಲೋ ಶಾಖ ಮಿತಿ ಮೀರಿ ಜಾಲ ಕುಸಿದಿದೆ, ಅದನ್ನು ಮರಳಿ ಪಡೆಯಲಾಗದು. ಮೇಲ್ಮೈ ಹಾಗೇ ಇದ್ದು ಚುರುಕು ಮಾತ್ರ ಹೋಗಿದ್ದರೆ ಎಕ್ಸ್-ರೇ ಗೆರೆಗಳನ್ನು ನೋಡಿ. ಅವು ಚೂಪಾಗಿದ್ದರೆ ಸೀರಿಯಂ ಕಣಗಳು ಒಂದಕ್ಕೊಂದು ಸೇರಿ ದೊಡ್ಡದಾಗಿವೆ. ಸಿಲಿಕಾ ಗೋಡೆ ಅವನ್ನು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಮುಂದಿನ ಸಲ ಸೀರಿಯಂ ಮೂರು ಮೋಲಿಗೆ ಒಂದು ಮೋಲ್ ಜಿರ್ಕೋನಿಲ್ ನೈಟ್ರೇಟ್ ಸೇರಿಸಿ ಹೀರಿಸಿದರೆ ಕಣಗಳು ಹೆಚ್ಚು ಶಾಖ ತಡೆಯುತ್ತವೆ.

ಬೋರಿಕ್ ಆಮ್ಲ ತುಂಬಿದ ತೊಳೆದ ದ್ರವವನ್ನು ಗಿಡಗಳ ಬುಡಕ್ಕೆ ಸುರಿಯಬೇಡಿ, ಬೋರಾನ್ ಹೆಚ್ಚಾದರೆ ಎಲೆಯ ಅಂಚು ಸುಟ್ಟಂತಾಗಿ ಗಿಡ ಸಾಯುತ್ತದೆ. ಸೋಡಿಯಂ ಬೈಕಾರ್ಬೊನೇಟ್ ಹಾಕಿ ಆಮ್ಲ ತಣಿಸಿ, ಚೀಟಿ ಅಂಟಿಸಿ, ಪ್ರಯೋಗಾಲಯದ ರಾಸಾಯನಿಕ ತ್ಯಾಜ್ಯದ ಡ್ರಮ್ಮಿಗೆ ಸೇರಿಸಿ.